ಗಣಿಯೊಳಗಿಂದ ಸ್ಕೀ ಮಾಡೋಕೆ ಹೋದ ಊರು

(1)

1965ರ ಚಳಿಗಾಲ. ಅಮೆರಿಕದ ಯೂಟಾ ರಾಜ್ಯದಲ್ಲಿ ಪಾರ್ಕ್ ಸಿಟಿ ಅಂತ ಒಂದು ಬೆಟ್ಟದ ಊರು. ದಪ್ಪ ಜಾಕೆಟ್ ಹಾಕ್ಕೊಂಡು, ಹೆಗಲ ಮೇಲೆ ಸ್ಕೀ ಹೊತ್ಕೊಂಡು ಬಂದ ಜನ ಕ್ಯೂ ನಿಂತಿದ್ದಾರೆ. ಬೆಟ್ಟದ ತುದಿಗೆ ಹೋಗಿ ಹಿಮದ ಮೇಲೆ ಜಾರಿಕೊಂಡು ಬರಬೇಕು, ಅದೇ ತಾನೇ ಸ್ಕೀಯಿಂಗ್? ಆದರೆ ಇವರು ಬೆಟ್ಟ ಹತ್ತುತ್ತಿಲ್ಲ. ಬೆಟ್ಟದ ಹೊಟ್ಟೆಯೊಳಗೆ ಹೋಗ್ತಿದ್ದಾರೆ.

ಅದಿರು ಸಾಗಿಸೋಕೆ ಹಾಕಿದ್ದ ಹಳಿ, ಅದರ ಮೇಲೆ ಪುಟ್ಟ ಗಣಿ ರೈಲು. ಅದರಲ್ಲಿ ಮಂಡಿ ಮಡಚಿಕೊಂಡು ಕೂತು, ಸ್ಪೈರೊ ಅನ್ನೋ ಸುರಂಗದ ಕತ್ತಲೆಯಲ್ಲಿ ಸುಮಾರು 3 ಮೈಲಿ ಹೋಗಬೇಕು. ಮೇಲಿಂದ ನೀರು ತೊಟ್ಟಿಕ್ಕುತ್ತಾ ಇರುತ್ತೆ. ಆಮೇಲೆ ರೈಲು ಇಳಿದು, ಗಣಿ ಕಾರ್ಮಿಕರನ್ನು ಎತ್ತಿ ಇಳಿಸುತ್ತಿದ್ದ ಕೇಜಿನಲ್ಲಿ ನಿಂತರೆ ಥೇನ್ಸ್ ಶಾಫ್ಟ್ ಮೂಲಕ ನೆಟ್ಟಗೆ 1,750 ಅಡಿ ಮೇಲಕ್ಕೆ. ಒಂದರ ಮೇಲೊಂದು ಏಳು ಕುತುಬ್ ಮಿನಾರ್ ಇಟ್ಟರೆ ಎಷ್ಟೋ ಅಷ್ಟು! ಬಾಗಿಲು ತೆಗೆದರೆ ಎದುರಿಗೆ ಬಿಸಿಲು, ಹಿಮ, ಬೆಟ್ಟದ ನೆತ್ತಿ.

ಕೇಳೋಕೆ ಸಿನಿಮಾ ಥರ ಇದೆ. ಪ್ರಯಾಣ ಮಾಡಿದವರಿಗೆ ಅಷ್ಟು ಮಜಾ ಇರಲಿಲ್ಲ ಅನ್ನಿ. ಸುರಂಗದಲ್ಲಿ ಬಟ್ಟೆ ಒದ್ದೆ, ಮೇಲೆ ಹೋದ ತಕ್ಷಣ ಆ ಒದ್ದೆ ಬಟ್ಟೆ ಗಡ್ಡೆ. ಜೊತೆಗೆ ತುಂಬಾ ನಿಧಾನ. 1960ರ ದಶಕ ಮುಗಿಯೋ ಹೊತ್ತಿಗೆ ಈ ‘ಸ್ಕೀ ಸಬ್‌ವೇ’ ನಿಂತೇ ಹೋಯ್ತು.

ಆದರೆ ನನಗೆ ಈ ಊರಿನ ಇಡೀ ಕಥೆ ಆ ಒಂದು ರೈಲಿನಲ್ಲೇ ಕಾಣುತ್ತೆ. ‘ಮೊದಲು ಗಣಿ ಇತ್ತು, ಅದು ಮುಚ್ಚಿತು, ಆಮೇಲೆ ರೆಸಾರ್ಟ್ ಬಂತು’ ಅಂತ ಟೂರಿಸ್ಟ್ ವಿಡಿಯೋಗಳಲ್ಲಿ ಒಂದೇ ಸಾಲಿನಲ್ಲಿ ಮುಗಿಸಿಬಿಡ್ತಾರೆ. ನಿಜವಾಗಿ ನೋಡಿದರೆ ಇಲ್ಲಿನ ಆಟ ಗಣಿಯೊಳಗಿಂದಲೇ ಹೊರಗೆ ಬಂದದ್ದು. ಅದೇ ಹಗ್ಗ, ಅದೇ ಹಳಿ, ಅದೇ ಕಂಪನಿ. ಬದಲಾದದ್ದು ಒಂದೇ: ಆಟ ಯಾರದ್ದು ಅನ್ನೋದು. ಈ ವಾರದ ಏಳು ಪೋಸ್ಟುಗಳು ಅದರ ಬಗ್ಗೆ. ಸೇವ್ ಮಾಡಿಟ್ಕೊಳ್ಳಿ, ಒಂದೇ ಸಲ ಓದಬೇಕಾಗಿಲ್ಲ.

(2)

ಆಟ ಆಡೋಕೆ ಮೊದಲು ಏನು ಬೇಕು? ಚೆಂಡು, ಮೈದಾನ, ದುಡ್ಡು ಅಂತೀರಿ. ಮೊದಲು ಬೇಕಾದದ್ದು ಟೈಮು.

ಸಾಲ್ಟ್ ಲೇಕ್ ಸಿಟಿಯಿಂದ ಸುಮಾರು 50 ಕಿ.ಮೀ. ದೂರ, ವಾಸಾಚ್ ಬೆಟ್ಟಸಾಲಿನಲ್ಲಿ 7,000 ಅಡಿ ಎತ್ತರದ ಕಣಿವೆ ಇದು. 1868ರ ಸುಮಾರಿಗೆ ಸೈನಿಕರು ಇಲ್ಲಿ ಅದಿರು ಹುಡುಕೋಕೆ ಶುರು ಮಾಡಿದರು. 1872ರಲ್ಲಿ ಆಂಟಾರಿಯೊ ಅನ್ನೋ ಕಡೆ ಭಾರಿ ಬೆಳ್ಳಿ ಸಿಕ್ಕಿತು. ಜಾರ್ಜ್ ಹರ್ಸ್ಟ್ ಅನ್ನೋ ಗಣಿ ವ್ಯಾಪಾರಿ ಅದನ್ನು 27,000 ಡಾಲರ್‌ಗೆ ಕೊಂಡ. ಅವನ ಮಗ ವಿಲಿಯಂ ರ್‍ಯಾಂಡಲ್ಫ್ ಹರ್ಸ್ಟ್ ಮುಂದೆ ಅಮೆರಿಕದ ಪತ್ರಿಕಾ ದೊರೆ ಆದ. ಪಾರ್ಕ್ ಸಿಟಿಯ ಬೆಳ್ಳಿಯಿಂದ ಯಾರ ಯಾರ ಬಂಗಲೆ ಎದ್ದವು ಅಂತ ಬರೆಯೋಕೆ ಹೋದರೆ ಅದೇ ಇನ್ನೊಂದು ಸರಣಿ ಆಗುತ್ತೆ, ಬಿಡಿ.

ಕೆಳಗೆ ಇಳಿದವರು ಐರಿಷರು, ಕಾರ್ನ್‌ವಾಲಿನವರು, ಸ್ವೀಡನ್-ನಾರ್ವೆ ಕಡೆಯವರು. (ಕಾರ್ನ್‌ವಾಲ್ ಅಂದರೆ ಇಂಗ್ಲೆಂಡಿನ ನೈಋತ್ಯ ಮೂಲೆ. ಗಣಿ ಕೆಲಸಕ್ಕೆ ಹೆಸರಾದ ಈ ಜನರೇ 1880ರ ನಂತರ ನಮ್ಮ ಕೋಲಾರದ ಚಿನ್ನದ ಗಣಿಗೂ ಬಂದದ್ದು. ಆಂಟಾರಿಯೊ ಗಣಿಯಿಂದ ನೀರೆತ್ತುತ್ತಿದ್ದ ದೈತ್ಯ ಪಂಪಿಗೂ ‘ಕಾರ್ನಿಷ್ ಪಂಪ್’ ಅಂತಲೇ ಹೆಸರು.) ಚೀನಾದಿಂದ ಬಂದವರು ಬಟ್ಟೆ ಒಗೆಯೋದು, ಅಡುಗೆ ಮಾಡೋದು ಇಂಥ ಕೆಲಸಗಳಲ್ಲಿದ್ದರು. ಅವರ ಕೇರಿಯ ಮೂಲಕ ನಡೆದು ಹೋಗೋದು ಬೇಡ ಅಂತ ಊರಿನವರು ಆ ಕೇರಿಯ ಮೇಲೆಯೇ ಒಂದು ಉದ್ದದ ಮರದ ಸೇತುವೆ ಕಟ್ಟಿಕೊಂಡಿದ್ದರು! ಅದರ ಹೆಸರು ಚೀನಾ ಬ್ರಿಜ್. ಇವತ್ತು ಅದೇ ಹೆಸರಿನಲ್ಲಿ ಅಲ್ಲಿ ಬಹುಮಹಡಿ ಪಾರ್ಕಿಂಗ್ ಇದೆ. ಸ್ಕೀ ಮಾಡೋಕೆ ಬಂದವರು ಕಾರು ನಿಲ್ಲಿಸಿ ಹೋಗ್ತಾರೆ. ಹೆಸರು ಯಾಕೆ ಬಂತು ಅಂತ ಎಷ್ಟು ಜನ ಯೋಚಿಸ್ತಾರೋ.

ಇನ್ನು ಟೈಮಿನ ವಿಷಯ. 1896ರಲ್ಲಿ ಯೂಟಾ ರಾಜ್ಯ ಒಂದು ಕಾನೂನು ಮಾಡಿತು: ಗಣಿಯಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಗಣಿ ಮಾಲೀಕರ ಕಡೆಯವರು ಕೋರ್ಟಿಗೆ ಹೋದರು. 1898ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ‘ಹೋಲ್ಡನ್ ವಿರುದ್ಧ ಹಾರ್ಡಿ’ ಪ್ರಕರಣದಲ್ಲಿ ಕಾನೂನು ಸರಿ ಅಂತ ತೀರ್ಪು ಕೊಟ್ಟಿತು. ಕಾನೂನು ಓದೋ ಫ್ರೆಂಡ್ಸ್ ಇದ್ದರೆ ಅವರಿಗೆ ಈ ಕೇಸ್ ಗೊತ್ತಿರುತ್ತೆ. ಕಾರ್ಮಿಕರ ಆರೋಗ್ಯದ ಕಾರಣಕ್ಕೆ ಕೊಟ್ಟ ತೀರ್ಪು ಅದು. ನಾನು ಅದನ್ನು ಈ ಊರಿನ ಆಟದ ಚರಿತ್ರೆಯ ಮೊದಲ ಪುಟ ಅಂತ ಓದ್ತೀನಿ. ಪಾಳಿ ಮುಗಿದ ಮೇಲೂ ಮೈಯಲ್ಲಿ ಸ್ವಲ್ಪ ಕಸುವು ಉಳಿದವನು ಮಾತ್ರ ಆಡ್ತಾನೆ.

ಉಳಿದ ಆ ಕಸುವು ಎಲ್ಲಿಗೆ ಹೋಯ್ತು? ಬಹಳಷ್ಟು ಸಲೂನಿಗೆ. ಸಲೂನ್ ಅಂದರೆ ನಮ್ಮ ಕಟಿಂಗ್ ಶಾಪ್ ಅಲ್ಲ ಮತ್ತೆ, ಹೆಂಡದಂಗಡಿ. ಮುಖ್ಯ ಬೀದಿಯಲ್ಲಿ ಎರಡು ಡಜನ್‌ಗಿಂತ ಹೆಚ್ಚು ಇದ್ದವು. ಯೂಟಾದ ಬಹುಪಾಲು ಜನ ಮಾರ್ಮನ್ ಪಂಥದವರು, ಮದ್ಯವನ್ನು ದೂರ ಇಟ್ಟವರು. ಅವರ ನಡುವೆ ಈ ಊರು ಒಂದು ದ್ವೀಪದ ಹಾಗೆ. ಹಾಗಂತ ಬರೀ ಕುಡಿತ ಅಂದುಕೊಳ್ಳಬೇಡಿ. ಕಾರ್ಮಿಕರ ಸಂಘಗಳು, ಬೇರೆ ಬೇರೆ ಕೂಟಗಳು ತಮ್ಮ ತಮ್ಮ ಹಾಲ್‌ಗಳಲ್ಲಿ ಕುಣಿತ, ಬ್ಯಾಂಡು, ನಾಟಕ ನಡೆಸ್ತಿದ್ದವು. ಇವತ್ತು ನಾಲ್ಕಾಣೆ ಚಂದಾ ಎತ್ತಿ ಕುಣಿದವರೇ ನಾಳೆ ಯಾರಾದರೂ ಸತ್ತರೆ ಮಣ್ಣು ಮಾಡೋಕೂ ದುಡ್ಡು ಹೊಂದಿಸಬೇಕಿತ್ತು.

ಸಾಯುತ್ತಲೂ ಇದ್ದರು. 1902ರ ಜುಲೈ 15ರ ರಾತ್ರಿ ಡೇಲಿ ವೆಸ್ಟ್ ಗಣಿಯ ಒಳಗೆ ಇಟ್ಟಿದ್ದ ಸ್ಫೋಟಕ ಸಿಡಿದು, ವಿಷದ ಗಾಳಿ ಪಕ್ಕದ ಆಂಟಾರಿಯೊ ಗಣಿಗೂ ಹರಡಿ 34 ಜನ ಹೋದರು. ಎರಡು ವರ್ಷದ ಮೇಲೆ, 1904ರಲ್ಲಿ, ಕಾರ್ಮಿಕ ಸಂಘದವರು ಊರವರ ಜೊತೆ ಸೇರಿ ಸ್ವಂತ ಆಸ್ಪತ್ರೆ ಕಟ್ಟಿಸಿದರು. ಈ ಕಟ್ಟಡವನ್ನು ನೆನಪಿಟ್ಟುಕೊಳ್ಳಿ, ಕೊನೆಯ ಪೋಸ್ಟಿನಲ್ಲಿ ಮತ್ತೆ ಬರುತ್ತೆ.

(3)

ಈಗ ನನಗೆ ತುಂಬಾ ಇಷ್ಟವಾದ ಭಾಗ: ಕಲ್ಲು ಕೊರೆಯುವ ಸ್ಪರ್ಧೆ.

ಜುಲೈ 4 ಅಮೆರಿಕದ ಸ್ವಾತಂತ್ರ್ಯ ದಿನ, ಗಣಿ ಊರುಗಳಿಗೆಲ್ಲ ದೊಡ್ಡ ಹಬ್ಬ. ಅವತ್ತು ಬೀದಿ ಮಧ್ಯೆ ಒಂದು ದೊಡ್ಡ ಗ್ರಾನೈಟ್ ಬಂಡೆ ತಂದಿಡ್ತಿದ್ದರು. ಇಬ್ಬರ ತಂಡ. ಒಬ್ಬ ಉಕ್ಕಿನ ಸಲಾಕೆಯನ್ನು ಬಂಡೆ ಮೇಲೆ ನೆಟ್ಟಗೆ ಹಿಡಿದು, ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪ ತಿರುಗಿಸ್ತಾನೆ. ಇನ್ನೊಬ್ಬ ಎರಡೂ ಕೈಯಲ್ಲಿ ಭಾರಿ ಸುತ್ತಿಗೆ ಎತ್ತಿ ಬಡೀತಾನೆ. ಸುಸ್ತಾದರೆ ಏಟು ತಪ್ಪದ ಹಾಗೆ ಜಾಗ ಬದಲಾಯಿಸಿಕೊಳ್ಳಬೇಕು. ತೂತಿಗೆ ನೀರು ಸುರೀತಾ ಇರಬೇಕು, ಇಲ್ಲದಿದ್ದರೆ ಪುಡಿ ತುಂಬಿ ಸಲಾಕೆ ಇಳಿಯಲ್ಲ. 15 ನಿಮಿಷ. ಕೊನೆಗೆ ತೂತಿನ ಆಳವನ್ನು ಇಂಚಿನಲ್ಲಿ ಅಳೆದು ಗೆದ್ದವರನ್ನು ಘೋಷಿಸ್ತಾರೆ.

ಸುತ್ತಿಗೆ ಅರ್ಧ ಇಂಚು ಆಚೀಚೆ ಆದರೆ ಹಿಡಿದವನ ಕೈ ಅಷ್ಟೇ. ಹಾಗಾಗಿ ಇದು ತೋಳಿನ ಬಲದಷ್ಟೇ ಜೊತೆಗಾರನ ಮೇಲಿನ ನಂಬಿಕೆಯ ಆಟ ಕೂಡ. ಯೋಚನೆ ಮಾಡಿ, ವಾರವಿಡೀ ಕತ್ತಲಲ್ಲಿ, ಕೂಲಿಗೆ, ಯಾರದೋ ಬೆಳ್ಳಿಗೋಸ್ಕರ ಮಾಡಿದ ಅದೇ ಕೆಲಸವನ್ನು ರಜೆಯ ದಿನ ಬಿಸಿಲಲ್ಲಿ, ಹೆಂಡತಿ ಮಕ್ಕಳು ನೋಡ್ತಾ ಇರುವಾಗ, ಶಿಳ್ಳೆ ಚಪ್ಪಾಳೆ ನಡುವೆ ಮಾಡೋದು! ನಮ್ಮಲ್ಲಿ ಎತ್ತು, ನೇಗಿಲು, ಗದ್ದೆಯ ದುಡಿಮೆಯಿಂದಲೇ ಕಂಬಳ ಹುಟ್ಟಿಲ್ಲವೇ, ಹಾಗೆ. ದುಡಿಯೋರಿಗೆ ತಮ್ಮ ಕಸುಬಿನ ಬಗ್ಗೆ ಹೆಮ್ಮೆ ಇರುತ್ತೆ. ಅದನ್ನು ತೋರಿಸೋಕೆ ಒಂದು ದಿನ ಬೇಕಿತ್ತು, ಅಷ್ಟೇ.

ಈ ಕಥೆಗಳಲ್ಲಿ ಹೆಂಗಸರು ಯಾಕೆ ಬರಲ್ಲ ಅಂತ ಯಾರಾದರೂ ಕೇಳೇ ಕೇಳ್ತೀರಿ. ಬರ್ತಾರೆ. ಬೋರ್ಡಿಂಗ್ ಮನೆ ನಡೆಸಿದವರು ಅವರು, ಕುಣಿತದ ಹಾಲ್ ತುಂಬಿಸಿದವರು ಅವರು. ಊರಾಚೆ ಕೆಂಪು ದೀಪದ ಸಾಲು ಮನೆಗಳೂ ಇದ್ದವು. ಗಂಡಸರ ‘ಮನರಂಜನೆ’ ಅಂತ ಹಳೇ ಬರಹಗಳಲ್ಲಿ ನಗುನಗುತ್ತಾ ಬರೆದದ್ದು ಆ ಮನೆಯೊಳಗಿನ ಹೆಂಗಸರಿಗೆ ದುಡಿಮೆ ಆಗಿತ್ತು. ಆ ಸಾಲು ಇದ್ದದ್ದು ಡಿಯರ್ ವ್ಯಾಲಿಯ ಬಾಯಲ್ಲಿ. ಆ ಹೆಸರನ್ನೂ ನೆನಪಿಡಿ.

1898ರ ಜೂನ್ 19ರಂದು ಬೆಂಕಿ ಬಿದ್ದು ಸುಮಾರು 200 ಕಟ್ಟಡ ಬೂದಿಯಾದವು. ಊರಿನ ಮುಕ್ಕಾಲು ಭಾಗ. ಜನ ತಿರುಗಿ ಕಟ್ಟಿದರು. ಡ್ಯೂಯಿ ಅಂತ ನಾಟಕಶಾಲೆ ಕಟ್ಟಿದರೆ 1916ರಲ್ಲಿ ಹಿಮದ ಭಾರಕ್ಕೆ ಅದರ ಚಾವಣಿಯೇ ಕುಸಿಯಿತು. ಅದೇ ಜಾಗದಲ್ಲಿ 1926ರ ಕ್ರಿಸ್‌ಮಸ್ ದಿನ ಈಜಿಪ್ಷಿಯನ್ ಥಿಯೇಟರ್ ತೆರೆಯಿತು. ನಾಲ್ಕು ವರ್ಷದ ಹಿಂದೆಯಷ್ಟೇ ಟೂಟಂಕಾಮನ್ ಸಮಾಧಿ ಸಿಕ್ಕಿತ್ತು, ಎಲ್ಲೆಲ್ಲೂ ಈಜಿಪ್ಟ್ ಹುಚ್ಚು. ಹಿಮದ ಬೆಟ್ಟದಲ್ಲಿ ಫೇರೋ ಮುಖದ ಟಾಕೀಸು, ಮುಂದೆ ಕೂತು ನೋಡೋರು ಗಣಿ ಕಾರ್ಮಿಕರು. ಆ ಕಟ್ಟಡ ಇವತ್ತೂ ಇದೆ.

ಮದ್ಯದ ಕಥೆ ಏನಾಯ್ತು ಅಂತೀರಾ? 1917ರಲ್ಲಿ ಯೂಟಾ ಪಾನನಿಷೇಧ ಜಾರಿಗೆ ತಂತು, ಇಡೀ ದೇಶಕ್ಕಿಂತ ಮೊದಲೇ. 1933ರ ಡಿಸೆಂಬರ್‌ನಲ್ಲಿ ದೇಶದ ಪಾನನಿಷೇಧ ತೆಗೆಯೋಕೆ ಬೇಕಾಗಿದ್ದ 36ನೇ ರಾಜ್ಯದ ಒಪ್ಪಿಗೆ ಕೊಟ್ಟದ್ದೂ ಯೂಟಾನೇ. ತಮಾಷೆ ನೋಡಿ.

(4)

ಸರಿ, ಹಿಮಕ್ಕೆ ಬರೋಣ.

ಮೊದಮೊದಲು ಸ್ಕೀ ಅನ್ನೋದು ಆಟದ ಸಾಮಾನು ಆಗಿರಲಿಲ್ಲ. ನಾರ್ವೆ, ಸ್ವೀಡನ್ ಕಡೆಯ ಕಾರ್ಮಿಕರು ಉದ್ದನೆಯ ಮರದ ಹಲಗೆ ಕಾಲಿಗೆ ಕಟ್ಟಿಕೊಂಡು, ಬ್ಯಾಲೆನ್ಸಿಗೆ ಒಂದೇ ಒಂದು ಕೋಲು ಹಿಡಿದು ಓಡಾಡ್ತಿದ್ದರು. ಆಳೆತ್ತರ ಹಿಮ ಬಿದ್ದಾಗ ಕೆಲಸಕ್ಕೆ ಹೋಗೋಕೆ ಬೇರೆ ದಾರಿ ಇರಲಿಲ್ಲ. ಹೋಗುವಾಗ ಕಷ್ಟ, ಬರುವಾಗ ಇಳಿಜಾರು! ಆ ಇಳಿಜಾರಿನಲ್ಲೇ ಆಟ ಹುಟ್ಟಿತು ಅಂತ ಊಹಿಸೋದು ಕಷ್ಟವೇನಲ್ಲ.

1930ರ ಆಸುಪಾಸಿಗೆ ಸ್ಕೀ ಜಂಪಿಂಗ್ ಹುಚ್ಚು ಬಂತು. ಇಳಿಜಾರಿನಲ್ಲಿ ವೇಗವಾಗಿ ಬಂದು ಗಾಳಿಯಲ್ಲಿ ಹಾರಿ ದೂರ ಹೋಗಿ ಇಳಿಯೋದು. ಅದಕ್ಕೆ ಕಡಿದಾದ ದಿಬ್ಬ ಬೇಕು. ಪಾರ್ಕ್ ಸಿಟಿಯಲ್ಲಿ ದಿಬ್ಬಕ್ಕೇನು ಬರ? ಕ್ರಿಯೋಲ್ ಗಣಿಯಿಂದ ಹೊರಗೆ ಸುರಿದ ಕಲ್ಲು ಮಣ್ಣಿನ ರಾಶಿಯೇ ಜಂಪಿಂಗ್ ದಿಬ್ಬ ಆಯ್ತು. ಕಂಪನಿಗೆ ಬೇಡವಾದ ಕಸ ಊರ ಹುಡುಗರಿಗೆ ಮೈದಾನ.

ಹತ್ತಿರದಲ್ಲೇ, ಪಾರ್ಲೀಸ್ ಕಣಿವೆಯ ನೆತ್ತಿಯ ಬಳಿ ಎಕರ್ ಹಿಲ್ ಅಂತ ಇನ್ನೂ ದೊಡ್ಡ ಜಂಪ್ ಎದ್ದಿತು. ಅಲ್ಲಿ ಹಾರಿದವರಲ್ಲಿ ದೊಡ್ಡ ಹೆಸರು ಆಲ್ಫ್ ಎಂಗನ್. ನಾರ್ವೆಯಿಂದ ವಲಸೆ ಬಂದ ಹುಡುಗ. 1930ರ ದಶಕದ ಮೊದಲಾರ್ಧದಲ್ಲಿ ಅದೇ ಬೆಟ್ಟದಲ್ಲಿ ವೃತ್ತಿಪರ ಜಂಪಿಂಗಿನ ವಿಶ್ವದಾಖಲೆಗಳನ್ನು ಬರೆದ. ಮಹಾ ಆರ್ಥಿಕ ಕುಸಿತದ ವರ್ಷಗಳು ಅವು. ಬೆಳ್ಳಿ ಬೆಲೆ ನೆಲಕಚ್ಚಿತ್ತು, ಕೆಲಸ ಇಲ್ಲ. ಆದರೂ ಜನ ಹಿಮದಲ್ಲಿ ನಿಂತು ಒಬ್ಬ ಮನುಷ್ಯ ಹಾರೋದನ್ನ ನೋಡ್ತಿದ್ದರು.

1936ರಲ್ಲಿ ಚಳಿಗಾಲದ ಉತ್ಸವಕ್ಕೆ ಸಾಲ್ಟ್ ಲೇಕ್‌ನಿಂದ ವಿಶೇಷ ಹಿಮರೈಲು ಬಂತು, ಸುಮಾರು 500 ಜನರನ್ನು ಹೊತ್ತುಕೊಂಡು. ಅದಿರು ಹೊರೋಕೆ ಹಾಕಿದ್ದ ಹಳಿಯ ಮೇಲೆ ಮೊದಲ ಬಾರಿಗೆ ಇಷ್ಟೊಂದು ಜನ ಬರೀ ಆಡೋಕೆ ಅಂತ ಬಂದರು. ಅದೇ ವರ್ಷದ ಕೊನೆಗೆ ಗಣಿಗಳಲ್ಲಿ ಮುಷ್ಕರ ನಡೀತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಒಂದೇ ಊರು, ಒಂದೇ ವರ್ಷ.

1946ರ ಚಳಿಗಾಲಕ್ಕೆ ಊರಿನವರೇ ಆದ ಓಟೊ ಕಾರ್ಪೆಂಟರ್, ಬಾಬ್ ಬರ್ನ್ಸ್ ಅನ್ನೋ ಇಬ್ಬರು ಸ್ಕೀ ಮಾಡೋರನ್ನು ಮೇಲೆ ಎಳೆದುಕೊಂಡು ಹೋಗೋ ಲಿಫ್ಟ್ ಕಟ್ಟಿದರು. ಕಂಬಗಳಿಗೆ ಕಾಡಿನ ಪೈನ್ ಮರ, ಯಂತ್ರಕ್ಕೆ ಗಣಿಯಲ್ಲಿ ಬಿದ್ದಿದ್ದ ಹಳೇ ಬಿಡಿಭಾಗ. ಜಾಗದ ಹೆಸರು ಸ್ನೋ ಪಾರ್ಕ್. ವಾರಾಂತ್ಯಕ್ಕೆ ಮಾತ್ರ ಓಡೋ ಊರ ಮಟ್ಟದ ಸಣ್ಣ ವ್ಯವಹಾರ.

ಇದೇನೂ ಪಾರ್ಕ್ ಸಿಟಿಯ ಒಂಟಿ ಬುದ್ಧಿ ಅಲ್ಲ. ಕೊಲೊರಾಡೊದ ಆಸ್ಪೆನ್ ಕೂಡ ಬೆಳ್ಳಿ ಊರೇ. ಅಲ್ಲಿ 1930ರ ದಶಕದ ಮೊದಲ ಸ್ಕೀ ಲಿಫ್ಟು, ಜನರನ್ನು ದೋಣಿಯಾಕಾರದ ಜಾರುಬಂಡಿಯಲ್ಲಿ ಕೂರಿಸಿ ಎಳೆಯೋ ವ್ಯವಸ್ಥೆ, ಹಳೇ ಗಣಿ ಯಂತ್ರದಿಂದಲೇ ಓಡ್ತಿತ್ತು. ಇನ್ನು ಕುರ್ಚಿ ತೂಗುಬಿಟ್ಟ ಚೇರ್‌ಲಿಫ್ಟ್ 1936ರಲ್ಲಿ ಐಡಾಹೊದ ಸನ್ ವ್ಯಾಲಿಯಲ್ಲಿ ಶುರುವಾದದ್ದು. ಅದನ್ನು ಯೋಚಿಸಿದ ಎಂಜಿನಿಯರ್ ಜೇಮ್ಸ್ ಕರನ್‌ಗೆ ಅದು ಹೊಳೆದದ್ದು ಹಡಗಿಗೆ ಬಾಳೆಗೊನೆ ತುಂಬೋ ಯಂತ್ರದಿಂದ. ಹೌದು, ಬಾಳೆಗೊನೆ! ಕೊಕ್ಕೆಗೆ ಗೊನೆ ಬದಲು ಕುರ್ಚಿ. ಸರಕು ಎತ್ತುವ ಬುದ್ಧಿಯೇ ಮನುಷ್ಯರನ್ನೂ ಎತ್ತಿತು. ಪಾರ್ಕ್ ಸಿಟಿಯ ಮೇಲೆ 1901ರಿಂದಲೇ ಸಿಲ್ವರ್ ಕಿಂಗ್ ಗಣಿಯ ಅದಿರಿನ ತೊಟ್ಟಿಗಳು ತಂತಿಯಲ್ಲಿ ತೂಗಾಡುತ್ತಾ ಬೆಟ್ಟದಿಂದ ರೈಲಿನತ್ತ ಇಳೀತಿದ್ದವು. ಆ ಕಬ್ಬಿಣದ ಗೋಪುರಗಳು ಇವತ್ತೂ ಬೆಟ್ಟದಲ್ಲಿ ನಿಂತಿವೆ, ಪಕ್ಕದಲ್ಲೇ ಚೇರ್‌ಲಿಫ್ಟಿನ ಕಂಬ.

(5)

1950ರ ದಶಕ. ಬೆಳ್ಳಿ, ಸೀಸ, ಸತು ಯಾವುದಕ್ಕೂ ಬೆಲೆ ಇಲ್ಲ. 1953ರಲ್ಲಿ ಉಳಿದಿದ್ದ ಎರಡು ದೊಡ್ಡ ಕಂಪನಿಗಳು ಸೇರಿ ಯುನೈಟೆಡ್ ಪಾರ್ಕ್ ಸಿಟಿ ಮೈನ್ಸ್ ಆದವು. ಮನೆಗಳಿಗೆ ಬೀಗ. ಪಶ್ಚಿಮ ಅಮೆರಿಕದ ಪಾಳು ಊರುಗಳ ಬಗ್ಗೆ ಬಂದ ಒಂದು ಪುಸ್ತಕದಲ್ಲಿ ಪಾರ್ಕ್ ಸಿಟಿಯ ಹೆಸರೂ ಬಂದುಬಿಟ್ಟಿತು. ಇನ್ನೂ ಸಾವಿರಕ್ಕೂ ಹೆಚ್ಚು ಜನ ವಾಸ ಇದ್ದರು ಕಣ್ರೀ! ಬದುಕಿರುವಾಗಲೇ ಶ್ರದ್ಧಾಂಜಲಿ ಬರೆದ ಹಾಗೆ.

ಕಂಪನಿಯ ಹತ್ತಿರ ಉಳಿದದ್ದು ಸಾವಿರಾರು ಎಕರೆ ಬೆಟ್ಟ. ಅದರ ಕೆಳಗಿನದು ಮಾರಾಟ ಆಗ್ತಿಲ್ಲ ಅಂದರೆ ಅದರ ಮೇಲಿನದು? ಮೇಲಿರೋದು ಹಿಮ.

1961ರಲ್ಲಿ ಕೆನಡಿ ಸರ್ಕಾರ ಕೆಲಸ ಕಳೆದುಕೊಂಡ ಊರುಗಳಿಗೆ ಸಾಲ ಕೊಡೋಕೆ ಒಂದು ಸಂಸ್ಥೆ ಮಾಡಿತ್ತು. ಗಣಿ ಕಂಪನಿ ಅಲ್ಲಿಂದ ಸುಮಾರು 12 ಲಕ್ಷ ಡಾಲರ್ ಸಾಲ ತಂತು. 1963ರ ಡಿಸೆಂಬರ್ 21ರಂದು, ಕೆನಡಿ ಹತ್ಯೆಯಾಗಿ ಸುಮಾರು ಒಂದು ತಿಂಗಳಿಗೆ, ಟ್ರೆಷರ್ ಮೌಂಟನ್ಸ್ ಅನ್ನೋ ರೆಸಾರ್ಟ್ ತೆರೆಯಿತು. ಸುಮಾರು 4 ಕಿ.ಮೀ. ಉದ್ದದ ಗೊಂಡೋಲಾ, ಅಂದರೆ ಮುಚ್ಚಿದ ಕೇಬಲ್ ಕಾರು, ಅಮೆರಿಕದಲ್ಲೇ ಅವತ್ತಿಗೆ ಅತಿ ಉದ್ದದ್ದು. ಲಿಫ್ಟು, ವಸತಿ, ಬೇಸಿಗೆಗೆ ಒಂಬತ್ತು ಕುಳಿಯ ಗಾಲ್ಫ್ ಮೈದಾನ. ಹೆಸರು ಗಮನಿಸಿದಿರಾ? ಟ್ರೆಷರ್ ಅಂದರೆ ನಿಧಿ. ನಿಧಿ ಖಾಲಿಯಾಗಿಲ್ಲ, ಒಳಗಿಂದ ಮೇಲಕ್ಕೆ ಬಂದಿದೆ ಅಂತ ಜನರಿಗೆ ಹೇಳ್ತಿದ್ದರು.

ಮೊದಲ ಪೋಸ್ಟಿನ ಸುರಂಗ ರೈಲು ಈ ಹೊತ್ತಿನದು. ಹೊಸ ಲಿಫ್ಟ್ ಕಟ್ಟೋಕೆ ದುಡ್ಡು ಬೇಕು, ಸುರಂಗ ಹೇಗೂ ಇದೆ, ರೈಲಿದೆ, ಕೇಜಿದೆ, ಕೇಜು ಓಡಿಸೋ ಜನರೂ ಇದ್ದಾರೆ. ಗಣಿಗಾರನ ತಲೆ ಹಾಗೇ ಓಡೋದು. ನಿನ್ನೆ ಅದಿರು ಹೊತ್ತ ಗಾಡಿ ಇವತ್ತು ಗಿರಾಕಿ ಹೊರಲಿ. ನನಗೆ ಆ ಪ್ಲಾನ್ ಮಾಡಿದವರ ಮೇಲೆ ಪ್ರೀತಿ ಇದೆ. ಸೋತ ಐಡಿಯಾ ನಿಜ, ಆದರೆ ಕಾಪಿ ಹೊಡೆದ ಐಡಿಯಾ ಅಲ್ಲ. ಆಲ್ಪ್ಸ್ ಬೆಟ್ಟದ ನಕಲು ಮಾಡೋಕೆ ಹೊರಟ ಎಷ್ಟೋ ಊರುಗಳ ನಡುವೆ ಈ ಊರು ತಾನೇನಾಗಿತ್ತೋ ಅದನ್ನೇ ತೋರಿಸಿತ್ತು.

ಥೇನ್ಸ್ ಶಾಫ್ಟಿನ ಕಟ್ಟಡ ಇನ್ನೂ ಇದೆ. ಸ್ಪೈರೊ ಸುರಂಗದಿಂದ ನೀರು ಹರಿದು ಬರೋದೂ ನಿಂತಿಲ್ಲ. ಸಂಸ್ಕರಿಸಿ ಊರಿಗೆ ಕುಡಿಯೋಕೆ ಬಳಸ್ತಾರೆ.

(6)

ಇಲ್ಲಿಂದ ಮುಂದೆ ದುಡ್ಡಿನ ಕಥೆ, ಬೇಗ ಹೇಳಿ ಮುಗಿಸ್ತೀನಿ.

1970ರ ದಶಕದಲ್ಲಿ ರೆಸಾರ್ಟ್ ಕೈ ಬದಲಾಯಿತು. ಆದರೆ ಮುಖ್ಯ ವಿಷಯ ಒಂದು ಉಳಿಯಿತು: ರೆಸಾರ್ಟ್ ಮಾರಿದರೂ ಬೆಟ್ಟದ ಬಹುಪಾಲು ನೆಲ ಗಣಿ ಕಂಪನಿಯದೇ, ಲೀಸಿಗೆ ಮಾತ್ರ ಕೊಟ್ಟದ್ದು. 1981ರಲ್ಲಿ ಪಕ್ಕದಲ್ಲೇ ಡಿಯರ್ ವ್ಯಾಲಿ ರೆಸಾರ್ಟ್ ಶುರುವಾಯಿತು. ಹೌದು, ಮೂರನೇ ಪೋಸ್ಟಿನ ಅದೇ ಡಿಯರ್ ವ್ಯಾಲಿ. ಕಾರಿನಿಂದ ಇಳಿದರೆ ನಿಮ್ಮ ಸ್ಕೀ ಎತ್ತಿಕೊಳ್ಳೋಕೆ ಆಳು ಬರ್ತಾರೆ, ಪಂಚತಾರಾ ಹೋಟೆಲ್ ಥರ. ಸ್ನೋಬೋರ್ಡ್ ತಂದರೆ ಮಾತ್ರ ಇವತ್ತಿಗೂ ಒಳಗೆ ಬಿಡಲ್ಲ. ಮುಖ್ಯ ಕಟ್ಟಡದ ಹೆಸರು ಸ್ನೋ ಪಾರ್ಕ್ ಲಾಡ್ಜ್, ಪೈನ್ ಮರದ ಕಂಬ ನೆಟ್ಟ ಆ ಇಬ್ಬರ ನೆನಪು ಅಲ್ಲಿ ಹೆಸರಿನಲ್ಲಷ್ಟೇ ಇದೆ. ಮರುವರ್ಷ, 1982ರಲ್ಲಿ, ಆಂಟಾರಿಯೊ ಗಣಿ ಮುಚ್ಚಿತು. ಸುಮಾರು ಇಪ್ಪತ್ತು ವರ್ಷ ಇವೆರಡೂ ಒಟ್ಟಿಗೆ ನಡೆದಿದ್ದವು ಅನ್ನೋದನ್ನು ಜನ ಮರೀತಾರೆ. ಮೇಲೆ ಸ್ಕೀ, ಕೆಳಗೆ ಪಾಳಿ.

1981ರ ಜನವರಿಯಲ್ಲೇ ಸಾಲ್ಟ್ ಲೇಕ್‌ನ ಒಂದು ಚಿತ್ರೋತ್ಸವ ಈ ಊರಿಗೆ ಬಂತು. ಮುಂದೆ ಅದೇ ಸನ್‌ಡಾನ್ಸ್ ಆಯ್ತು. ಕಾರ್ಮಿಕರು ಸಿನಿಮಾ ನೋಡಿದ ಈಜಿಪ್ಷಿಯನ್ ಥಿಯೇಟರಿನ ಮುಂದೆ ಹಾಲಿವುಡ್‌ನವರು ಫೋಟೊಗೆ ನಿಂತರು. ನಲವತ್ತೈದು ವರ್ಷದ ಆ ನಂಟು 2026ರ ಉತ್ಸವಕ್ಕೆ ಮುಗಿದು, 2027ರಿಂದ ಅದು ಕೊಲೊರಾಡೊದ ಬೋಲ್ಡರ್‌ಗೆ.

2002ರ ಚಳಿಗಾಲದ ಒಲಿಂಪಿಕ್ಸ್ ಸಾಲ್ಟ್ ಲೇಕ್ ಹೆಸರಲ್ಲಿ ನಡೆದರೂ ಅದರ ದೊಡ್ಡ ಪಾಲು ಇಲ್ಲೇ. ಸ್ಲಾಲಮ್ ಡಿಯರ್ ವ್ಯಾಲಿಯಲ್ಲಿ, ಸ್ನೋಬೋರ್ಡ್ ಹಳೇ ಗಣಿ ಕಂಪನಿಯ ಬೆಟ್ಟದಲ್ಲಿ. ಅಲ್ಲಿ ಗಂಡಸರ ಹಾಫ್‌ಪೈಪ್‌ನಲ್ಲಿ ಮೂರೂ ಪದಕ ಅಮೆರಿಕದ ಹುಡುಗರಿಗೇ. ಜಂಪಿಂಗು, ಬಾಬ್‌ಸ್ಲೆಡ್ಡು, ಲೂಜು ಊರಾಚೆಯ ಒಲಿಂಪಿಕ್ ಪಾರ್ಕಿನಲ್ಲಿ. ಆ ಲೂಜ್ ಟ್ರ್ಯಾಕಿನಲ್ಲಿ ಭಾರತದಿಂದ ಬಂದಿದ್ದ ಒಬ್ಬನೇ ಒಬ್ಬ ಕ್ರೀಡಾಪಟು ಇಳಿದ: ಶಿವ ಕೇಶವನ್. 33ನೇ ಸ್ಥಾನ. ಟಿವಿಯಲ್ಲಿ ನಮ್ಮ ಮನೆಗಳಲ್ಲಿ ಎಷ್ಟು ಜನ ನೋಡಿದರೋ! 2034ರಲ್ಲಿ ಒಲಿಂಪಿಕ್ಸ್ ಮತ್ತೆ ಅಲ್ಲಿಗೇ ಬರ್ತಿದೆ.

ಇನ್ನು ಲೀಸಿನ ವಿಷಯ. 2011ರಲ್ಲಿ ರೆಸಾರ್ಟ್ ನಡೆಸ್ತಿದ್ದ ಕಂಪನಿ ಲೀಸ್ ಮುಂದುವರಿಸೋ ಪತ್ರವನ್ನು ಕೊಡಬೇಕಾದ ದಿನಕ್ಕಿಂತ ಎರಡು ದಿನ ತಡವಾಗಿ ಕೊಟ್ಟಿತು. ಎರಡು ದಿನ! ನೆಲದ ಒಡೆತನ ಅಷ್ಟು ಹೊತ್ತಿಗೆ ಗಣಿ ಕಂಪನಿಯನ್ನು ಕೊಂಡವರ ಕೈಲಿತ್ತು, ಅವರು ಅದನ್ನು ವೇಲ್ ರೆಸಾರ್ಟ್ಸ್‌ಗೆ ಕೊಟ್ಟರು. ಕೋರ್ಟು ಕಚೇರಿ ಅಲೆದು 2014ರಲ್ಲಿ ಉಳಿದದ್ದನ್ನೂ ವೇಲ್ 18.25 ಕೋಟಿ ಡಾಲರ್‌ಗೆ ಕೊಂಡಿತು. 2015ರಲ್ಲಿ ಪಕ್ಕದ ಕ್ಯಾನ್ಯನ್ಸ್ ಸೇರಿಸಿ 7,300 ಎಕರೆ, ಅಮೆರಿಕದಲ್ಲೇ ಅತಿ ದೊಡ್ಡ ಸ್ಕೀ ಪ್ರದೇಶ. ಬೆಳ್ಳಿಗೋಸ್ಕರ ಬರೆಸಿಕೊಂಡಿದ್ದ ಭೂಮಿಯ ದಾಖಲೆ ನೂರು ವರ್ಷದ ಮೇಲೆ ಹಿಮದ ಹಣೆಬರಹ ತೀರ್ಮಾನಿಸಿತು.

(7)

ಈಗ ಅಲ್ಲಿ ಕೌಂಟರಿನಲ್ಲಿ ಒಂದು ದಿನದ ಟಿಕೆಟ್ ತಗೊಂಡರೆ, ರಜೆಯ ಸೀಸನ್ನಿನಲ್ಲಿ, 300 ಡಾಲರ್‌ಗೂ ಹೆಚ್ಚು. ಗಣಿ ಕಾರ್ಮಿಕರ ಪುಟ್ಟ ಮರದ ಮನೆಗಳು ಬಣ್ಣ ಬಳಿದುಕೊಂಡು ಕೋಟ್ಯಧಿಪತಿಗಳ ರಜೆ ಮನೆಗಳಾಗಿವೆ. ಲಿಫ್ಟ್ ಓಡಿಸೋರು, ಹೋಟೆಲಿನಲ್ಲಿ ಹಾಸಿಗೆ ಹಾಸೋರು, ಅಡುಗೆಯವರು ಬಹುಪಾಲು ಕಣಿವೆಯ ಆಚೆಯಿಂದ ಬಸ್ಸಲ್ಲೋ ಕಾರಲ್ಲೋ ಬರ್ತಾರೆ. ದಕ್ಷಿಣ ಅಮೆರಿಕದ ಕಾಲೇಜು ಹುಡುಗ ಹುಡುಗಿಯರು ಸೀಸನ್ ವೀಸಾದಲ್ಲಿ ಬಂದು ಒಂದೇ ರೂಮಿನಲ್ಲಿ ನಾಲ್ಕೈದು ಜನ ಇರ್ತಾರೆ.

2024ರ ಡಿಸೆಂಬರ್ 27. ವರ್ಷದ ಅತಿ ಹೆಚ್ಚು ಜನಜಂಗುಳಿಯ ವಾರ. ಪಾರ್ಕ್ ಸಿಟಿಯ ಸುಮಾರು 200 ಸ್ಕೀ ಪೆಟ್ರೋಲ್ ನೌಕರರು ಮುಷ್ಕರ ಹೂಡಿದರು. ಇವರು ಯಾರು ಅಂದರೆ, ನಾವು ಏಳೋಕೆ ಮುಂಚೆ ಬೆಟ್ಟ ಹತ್ತಿ, ಹಿಮ ಕುಸಿಯೋ ಅಪಾಯ ಇರೋ ಕಡೆ ಸ್ಫೋಟಕ ಇಟ್ಟು ಮುಂಚೆಯೇ ಉರುಳಿಸಿ, ಜಾಗ ಸುರಕ್ಷಿತ ಅಂತ ಖಾತ್ರಿ ಮಾಡೋರು. ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ ಎತ್ತಿಕೊಂಡು ಬರೋರೂ ಇವರೇ. ಸ್ಫೋಟಕ, ಬೆಟ್ಟ, ಬೆಳಗಿನ ಕತ್ತಲು, ಗಂಟೆ ಲೆಕ್ಕದ ಕೂಲಿ. ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ಅವರು ಕೇಳಿದ್ದು ಶುರುವಿನ ಕೂಲಿಯನ್ನು ಗಂಟೆಗೆ 21 ಡಾಲರ್‌ನಿಂದ 23ಕ್ಕೆ ಏರಿಸಿ ಅಂತ. ಎರಡು ಡಾಲರ್. ಬೆಟ್ಟದ ಬಹುಭಾಗ ತೆರೆಯೋಕೇ ಆಗಲಿಲ್ಲ, ದುಬಾರಿ ಟಿಕೆಟ್ ಕೊಂಡವರು ಗಂಟೆಗಟ್ಟಲೆ ಕ್ಯೂನಲ್ಲಿ ನಿಂತರು, ವಿಡಿಯೋಗಳು ವೈರಲ್ ಆದವು. ರಜೆ ಹಾಳಾಯ್ತು ಅಂತ ಬೈದ ಪ್ರವಾಸಿಗರೂ ಇದ್ದರು, ‘ಕೊಡ್ರೀ ಅವರಿಗೆ’ ಅಂತ ಕ್ಯೂನಲ್ಲೇ ಕೂಗಿದವರೂ ಇದ್ದರು. ಜನವರಿ 8ರಂದು ಒಪ್ಪಂದ ಆಯ್ತು, ಆ ಎರಡು ಡಾಲರ್ ಸಿಕ್ಕಿತು. 1919ರಲ್ಲಿ ಇದೇ ಊರಿನ ಗಣಿ ಕಾರ್ಮಿಕರು ವಾರಗಟ್ಟಲೆ ಮುಷ್ಕರ ಮಾಡಿದಾಗ ಅವರ ಪರ ಕೂಗೋಕೆ ಯಾವ ಪ್ರವಾಸಿಯೂ ಇರಲಿಲ್ಲ. ಇದು ಈ ನೂರು ವರ್ಷದಲ್ಲಿ ಆದ ಒಂದು ನಿಜವಾದ ಬದಲಾವಣೆ ಅಂತ ನನ್ನ ಲೆಕ್ಕ. ಗಿರಾಕಿ ಈಗ ಕಾರ್ಮಿಕನ ಎದುರಿಗೇ ನಿಂತಿರ್ತಾನೆ. ಬೆಳ್ಳಿ ಚಮಚ ಕೊಂಡವನು ಪಾರ್ಕ್ ಸಿಟಿಯನ್ನು ನೋಡಿರಲಿಲ್ಲ.

ಎರಡನೇ ಪೋಸ್ಟಿನ ಆಸ್ಪತ್ರೆ ಏನಾಯ್ತು? ಕಾರ್ಮಿಕರ ಚಂದಾ ಹಣದ ಆ ಕಟ್ಟಡ ಕೆಲಕಾಲ ಸ್ಕೀ ಹುಚ್ಚಿನ ಹುಡುಗರ ಅಗ್ಗದ ವಸತಿ ಆಗಿತ್ತು. 1979ರಲ್ಲಿ ಇಡೀ ಕಟ್ಟಡವನ್ನು ಎತ್ತಿ ಊರ ಉದ್ಯಾನಕ್ಕೆ ತಂದು ಇಟ್ಟರು. ಆಮೇಲೆ ಅದು ಲೈಬ್ರರಿಯೂ ಆಯ್ತು.

ಪ್ರತಿ ವರ್ಷ ಸೆಪ್ಟೆಂಬರಿನ ಮೊದಲ ಸೋಮವಾರ, ಅಂದರೆ ಅಮೆರಿಕದ ಕಾರ್ಮಿಕ ದಿನ, ಪಾರ್ಕ್ ಸಿಟಿಯಲ್ಲಿ ಅದನ್ನು ‘ಮೈನರ್ಸ್ ಡೇ’ ಅಂತ ಆಚರಿಸ್ತಾರೆ. ಮುಖ್ಯ ಬೀದಿಯ ಇಳಿಜಾರಿನಲ್ಲಿ ನಂಬರ್ ಹಾಕಿದ ಸಾವಿರಾರು ಗಾಲ್ಫ್ ಚೆಂಡುಗಳನ್ನು ಉರುಳಿಸ್ತಾರೆ, ಮೆರವಣಿಗೆ ಹೋಗುತ್ತೆ. ಆಮೇಲೆ ಅದೇ ಉದ್ಯಾನದಲ್ಲಿ ಕಲ್ಲು ಕೊರೆಯೋ ಸ್ಪರ್ಧೆ, ಅದಿರು ತುಂಬೋ ಸ್ಪರ್ಧೆ. ಬೇರೆ ಗಣಿ ಊರುಗಳಲ್ಲಿ ಈಗಲೂ ನೆಲದಡಿ ದುಡಿಯೋರು ಬಂದು ಪೈಪೋಟಿಗೆ ನಿಲ್ತಾರೆ. ಟಿಕೆಟ್ ಇಲ್ಲ, ಯಾರು ಬೇಕಾದರೂ ನೋಡಬಹುದು.

ಸರಣಿ ಇಷ್ಟೇ. ಒಂದು ಕೆಲಸ ಕೊಡ್ತೀನಿ: ನಿಮ್ಮಲ್ಲಿ ಕೆಜಿಎಫ್, ಹಟ್ಟಿ, ಸಂಡೂರು ಕಡೆಯವರಿದ್ದರೆ ಮನೆಯಲ್ಲಿ ಅಜ್ಜ ಅಜ್ಜಿಯನ್ನು ಕೇಳಿ. ಪಾಳಿ ಮುಗಿದ ಮೇಲೆ ಏನಾಡ್ತಿದ್ರು? ಫುಟ್‌ಬಾಲಾ, ಹಾಕಿನಾ, ಭಜನೆನಾ, ಟೆಂಟ್ ಸಿನಿಮಾನಾ? ಹಳೇ ಫೋಟೊ ಸಿಕ್ಕರೆ ಇನ್‌ಬಾಕ್ಸಿಗೆ ಹಾಕಿ. ಹೆಸರು ಹಾಕಬೇಡಿ ಅಂದರೆ ಹಾಕಲ್ಲ.